ಭಾರ ಎಲ್ಲಿ ಇಳಿಯುತ್ತದೆ

ಹೊರಡುವ ಮುನ್ನ

ನಮ್ಮ ಓಣಿಯ ಗಂಗವ್ವನಿಗೆ ಹುಬ್ಬಳ್ಳಿ ದಾಟಿತೆಂದರೆ ಎಲ್ಲವೂ ಪರದೇಶ. ನಾನು ಚೀಲ ಹಿಡಿದು ಹೊರಟಾಗ ಕಟ್ಟೆಯ ಮೇಲೆ ಕೂತಿದ್ದವಳು, “ಪರದೇಶಕ್ಕ ಹೊಂಟಿ, ನೀರು ಕಾಸಿ ಕುಡಿ” ಎಂದು ಬುದ್ಧಿ ಹೇಳಿದಳು. ನಾನು ನಕ್ಕೆ. ಹೋಗುತ್ತಿದ್ದದ್ದು ಡೊಂಬಿವಲಿಗೆ, ಒಡಹುಟ್ಟಿದ ಅಕ್ಕನ ಮನೆಗೆ. ಮುಂಬೈ ಎನ್ನಲೂ ಬಾರದ ಊರು. ಆದರೆ ಹೋಗಿ ಬಂದ ಮೇಲೆ ಹೇಳುತ್ತಿದ್ದೇನೆ, ಗಂಗವ್ವ ಹೇಳಿದ್ದು ಸುಳ್ಳಲ್ಲ. ಜನ ನಿಲ್ಲುವ ರೀತಿಯೇ ಬೇರೆಯಾದ ಮೇಲೆ ಅದು ಪರದೇಶವಲ್ಲದೆ ಇನ್ನೇನು?

ಜನ ಹೇಗೆ ನಿಲ್ಲುತ್ತಾರೆ ಎಂಬುದು ನನಗೇಕೆ ಬೇಕಿತ್ತು ಎನ್ನುತ್ತೀರಿ. ಗದಗಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನಾಗ ಹಂಗಾಮಿ ಚಿತ್ರಕಲಾ ಶಿಕ್ಷಕಿ. ಹೂವು, ಬಳ್ಳಿ, ಕೊಡ, ಗುಡ್ಡದ ಹಿಂದಿನ ಸೂರ್ಯ, ಇವನ್ನೆಲ್ಲ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಮನುಷ್ಯರನ್ನು ಬರೆ ಎಂದರೆ ಮಾತ್ರ ಕೈ ಮರಗಟ್ಟುತ್ತಿತ್ತು. ಕೆಲಸ ಕಾಯಂ ಆಗಬೇಕಾದರೆ ಒಂದು ಪರೀಕ್ಷೆ ಕೊಡಬೇಕು, ಅದರಲ್ಲಿ ಕ್ವಿಕ್ ಸ್ಕೆಚ್ ಎಂಬ ಪೇಪರು. ಎದುರಿಗೆ ಒಬ್ಬನನ್ನು ನಿಲ್ಲಿಸುತ್ತಾರೆ. ಗಂಟೆ ಬಾರಿಸುತ್ತಲೇ ಅವನು ಭಂಗಿ ಬದಲಿಸುತ್ತಾನೆ. ಅಷ್ಟರೊಳಗೆ ಇಡೀ ಆಳು ಹಾಳೆಗೆ ಇಳಿದಿರಬೇಕು. ಹಿಂದಿನ ವರ್ಷ ನಾನು ಮೂಗಿನ ಹೊಳ್ಳೆ ತಿದ್ದುತ್ತಿರುವಾಗಲೇ ಅವನು ಮೈಮುರಿದು ಚಹಾಕ್ಕೆ ಹೋಗಿದ್ದ. ಪರೀಕ್ಷಕರು ನನ್ನ ಹಾಳೆ ನೋಡಿ, “ಇವರು ಉಸಿರಾಡತಾರೇನ್ರಿ?” ಎಂದು ಕೇಳಿದ್ದರು. ನಮ್ಮ ಶಾಲೆಯ ಮುಖ್ಯಸ್ಥೆ ಹೆಡ್ ಬಾಯಿಯವರು ಬೇಸಿಗೆ ರಜೆಯ ಮೊದಲು ಕರೆದು, “ಗಿರಿಜಾ, ಈ ಜೂನ್‌ದಾಗ ಆಗಲಿಲ್ಲಂದ್ರ ನಾವು ಬ್ಯಾರೆಯವರನ್ನ ನೋಡಬೇಕಾಕ್ಕೈತಿ ನೋಡವಾ” ಎಂದು ಮೆತ್ತಗೇ ಹೇಳಿದರು. ಮೆತ್ತಗೆ ಹೇಳಿದ ಮಾತು ಹೆಚ್ಚು ಚುಚ್ಚುತ್ತದೆ.

ಈ ಸುದ್ದಿ ಅಕ್ಕನಿಗೆ ಮುಟ್ಟಿತು. ಠಾಣೆಯಲ್ಲಿ ನಮ್ಮ ಕನ್ನಡದವರೇ ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರು ಇದ್ದಾರೆ, ಇದನ್ನೇ ಕಲಿಸುತ್ತಾರೆ, ಬಂದುಬಿಡು ಎಂದು ಹೇಳಿಕಳಿಸಿದಳು.

ಡೊಂಬಿವಲಿ

ಅಕ್ಕನ ಹೆಸರು ಶಾಂತಾ. ಹೆಸರಿಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿಯುವ ಸಪ್ಪಳ. ಮಾವನನ್ನು, ಅಂದರೆ ಅಕ್ಕನ ಗಂಡನನ್ನು, ಅಂಬರನಾಥದ ಕಾರ್ಖಾನೆಗೆ ಕಳಿಸಿ, ತಾನು ಠಾಣೆಯ ಔಷಧಿ ಪ್ಯಾಕ್ ಮಾಡುವ ಕಂಪನಿಗೆ ಓಡುವಳು. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಖೋಲಿ, ಒಂದು ಅಡಿಗೆಮನೆ. ಊಟಕ್ಕೆ ನಮ್ಮನ್ನು ಕೂಡಿಸಿ ತಾನು ಬಡಿಸುತ್ತ ನಿಲ್ಲುವಳು. “ನೀನೂ ಕುಂದರು ಬಾ ಯಕ್ಕ” ಎಂದರೆ, “ಆಮ್ಯಾಲೆ ಉಣ್ತೀನಿ, ನೀ ಉಣ್ಣು” ಎನ್ನುವಳು. ನಮ್ಮವ್ವನದೂ ಇದೇ ಚಾಳಿ, ಹಾಗಾಗಿ ನನಗೆ ಇದು ಹೊಸದೆನಿಸಲಿಲ್ಲ.

ಮೊದಲ ದಿನವೇ ನಾನು ಪೆನ್ಸಿಲ್ ಹಿಡಿದು, “ಒಂದು ಚೂರು ನಿಂದ್ರು, ನಿನ್ನ ಬರೀತೀನಿ” ಎಂದೆ.

“ನಿನ್ನ ಮುಂದ ನಿಂದರಾಕ ಯಾರಿಗೆ ಪುರಸೊತ್ತೈತಿ? ಅಡ್ಡಾಡಕೋಂತ ಇರ್ತೀನಿ, ಅಡ್ಡಾಡೂದನ್ನ ಬರಕೋ.”

ಸರಿ, ನಾನು ಕದ್ದು ಬರೆಯತೊಡಗಿದೆ. ಗ್ಯಾಸಿನ ಮುಂದೆ ಅಕ್ಕ, ಬಟ್ಟೆ ಒಣಹಾಕುವ ಅಕ್ಕ, ಬಾಗಿಲ ಚೌಕಟ್ಟಿಗೆ ಆತು ಪಕ್ಕದ ಮನೆಯವಳೊಂದಿಗೆ ಮರಾಠಿಯಲ್ಲಿ ಹರಟುವ ಅಕ್ಕ. ಒಮ್ಮೆ ಹಾಳೆ ಇಣುಕಿ, “ಇದು ನಾನಾ, ಒನಕಿಯಾ?” ಎಂದು ನಕ್ಕಳು. ಒನಕೆಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಠಾಣೆ

ಮಾಸ್ತರರನ್ನು ಉಪಾಧ್ಯರು ಎಂದು ಕರೆಯುತ್ತೇನೆ. ಉಡುಪಿ ಕಡೆಯವರು. ಅವರ ತಮ್ಮನ ಸಸ್ಯಾಹಾರಿ ಹೋಟೆಲು ಕೆರೆಯ ಹತ್ತಿರ, ರಸ್ತೆಗಳು ಕೂಡುವ ಹಳೆಯ ನಾಕಾದಲ್ಲಿತ್ತು. ಅದರ ಮೂಲೆಯ ಟೇಬಲ್ಲೇ ಇವರ ಶಾಲೆ. ತಮ್ಮನ ಜೊತೆ ತುಳು, ಗಿರಾಕಿಗಳ ಜೊತೆ ಹಿಂದಿ, ನನ್ನ ಜೊತೆ ಪುಸ್ತಕ ಓದಿದಂಥ ಕನ್ನಡ.

ಮೊದಲು ನನ್ನ ರಬ್ಬರನ್ನು ಇಸಿದುಕೊಂಡು ಜೇಬಿಗೆ ಹಾಕಿದರು. ಆಮೇಲೆ ತಟ್ಟೆಗಳನ್ನು ತೋಳಿನುದ್ದಕ್ಕೂ ಜೋಡಿಸಿಕೊಂಡು ಬರುತ್ತಿದ್ದ ಸಪ್ಲೈಯರನ್ನು ತೋರಿಸಿ, “ಬರೀರಿ” ಎಂದರು. ನಾನು ತಲೆಯಿಂದ ಸುರು ಮಾಡಿದೆ. ಕಿವಿ ಮುಗಿಯುವಷ್ಟರಲ್ಲಿ ಅವನು ಇಡ್ಲಿ ಕೊಟ್ಟು ಮರಳಿ ಒಳಗೆ ಹೋಗಿದ್ದ.

“ನಿಮಗೆ ಕಿವಿ ಎಂತಕ್ಕೆ ಮಾರಾಯ್ರೆ? ಅವನ ಭಾರ ಎಲ್ಲಿ ಇಳೀತದೆ, ಅದನ್ನು ನೋಡಿ. ಯಾವ ಕಾಲಿನ ಮೇಲೆ ಉಂಟು? ಆ ಕಾಲಿಗೆ ಕುತ್ತಿಗೆಯಿಂದ ಒಂದು ಗೆರೆ ಎಳೀರಿ. ಉಳಿದದ್ದು ಅದರ ಹಿಂದೆ ತಾನಾಗಿ ಬರ್ತದೆ.”

ಅವರು ಎಳೆದು ತೋರಿಸಿದರು. ಓರೆಯಾದ ಒಂದು ಗೆರೆ, ಸೊಂಟಕ್ಕೊಂದು ಅಡ್ಡಗೀಟು, ಭುಜಕ್ಕೊಂದು. ಮೂಗಿಲ್ಲ, ಕಣ್ಣಿಲ್ಲ, ಆದರೂ ಆ ಸಪ್ಲೈಯರೇ. ನಾನು ಎಳೆದ ಗೆರೆಗಳು ಬೇಲಿಗೂಟದ ಹಾಗೆ ನಿಂತವು. ಅವರು ಬೈಯಲಿಲ್ಲ. “ಇಲ್ಲಿ ಕೂತು ನೋಡಿದರೆ ಬರುವುದಿಲ್ಲ ಇದು. ಟ್ರೈನಿನಲ್ಲಿ ಓಡಾಡ್ತೀರಲ್ಲ, ಅಲ್ಲಿ ನೋಡಿ” ಎಂದು ಕಾಫಿ ಕುಡಿಸಿ ಕಳಿಸಿದರು.

ಲೇಡೀಸ್ ಡಬ್ಬಿ

ನಮ್ಮ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರು ಕಾಯುವುದನ್ನೇ ಕೆಲಸವೆಂದು ಮಾಡುತ್ತಾರೆ. ಗಂಟಿನ ಮೇಲೆ ಒರಗಿ, ಕುಕ್ಕರಗಾಲಲ್ಲಿ ಕೂತು, ಎಲೆ ಅಡಿಕೆ ಮೆಲ್ಲುತ್ತ, ಬಸ್ಸು ಬಂದರೂ ಸರಿ ಬಾರದಿದ್ದರೂ ಸರಿ. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತವರೂ ನಡೆಯುತ್ತಲೇ ಇರುತ್ತಾರೆ. ಹಿಮ್ಮಡಿ ನೆಲದಲ್ಲಿ, ಮುಂಗಾಲು ಆಗಲೇ ಗಾಡಿಯಲ್ಲಿ. ಹೆಂಗಸರ ಬೋಗಿ, ಅಲ್ಲಿಯವರ ಮಾತಿನಲ್ಲಿ ಡಬ್ಬಿ, ಅದರೊಳಗೆ ಒಬ್ಬಳು ಬಟಾಣಿ ಸುಲಿಯುತ್ತಾಳೆ, ಒಬ್ಬಳು ನಿಂತೇ ನಿದ್ದೆ ಮಾಡುತ್ತಾಳೆ. ಮೂವರ ಬೆಂಚಿಗೆ ನಾಲ್ಕನೆಯವಳು ಅರ್ಧ ಸೊಂಟ ಇಟ್ಟು, ಇನ್ನರ್ಧ ಗಾಳಿಯಲ್ಲಿ ಬಿಟ್ಟು ಕೂರುತ್ತಾಳೆ. ಎಂಥ ಭಂಗಿ! ಎಲ್ಲ ಭಾರ ಒಂದು ಅಂಗಾಲಿನ ಮೇಲೆ.

ಅಂಥ ನಾಲ್ಕನೆಯವಳನ್ನು ನಾನು ದಿಟ್ಟಿಸಿ ನೋಡುತ್ತ ಗೆರೆ ಎಳೆಯುತ್ತಿದ್ದೆ. ಆಕೆ ತಲೆಯೆತ್ತಿ, “ಘಾಟ್ಕೋಪರ್” ಎಂದಳು. ಮರಾಠಿ ಅಡ್ಡಹೆಸರುಗಳು ಊರಿನ ಮೇಲೆಯೇ ಇರುತ್ತವಲ್ಲ, ಹೆಸರು ಹೇಳಿಕೊಳ್ಳುತ್ತಿದ್ದಾಳೆ ಎಂದು ತಿಳಿದು, ನಾನೂ ನಕ್ಕು, “ಹಿರೇಮಠ” ಎಂದೆ. ಆಕೆ ಗೊಂದಲದಿಂದ ಪಕ್ಕದವಳನ್ನು ನೋಡಿದಳು. ಪಕ್ಕದವಳನ್ನು ಬರೆಯೋಣವೆಂದು ನೋಡಿದರೆ ಅವಳು “ಠಾಣಾ” ಎಂದಳು. ಆಗ ಬೆನ್ನ ಹಿಂದಿನಿಂದ ಒಬ್ಬಳು ನನ್ನ ಭುಜ ಹಿಡಿದು, “ಓ ಬಾಯಿ, ಉಸಕೋ ಮೈನೇ ಪಹಲೇ ಪೂಛಾ ಹೈ”, ಅವಳನ್ನು ಮೊದಲು ಕೇಳಿದವಳು ನಾನು, ಎಂದು ಜಗಳಕ್ಕೇ ನಿಂತಳು.

ಬಾಗಿಲ ಹತ್ತಿರದ ಕಂಬಿಗೆ ಆತು ನಿಂತಿದ್ದ ಅಕ್ಕ ನಗುತ್ತ ಬಿಡಿಸಿ ಹೇಳಿದಳು. ಇಲ್ಲಿ ಕೂತವಳನ್ನು ನಿಂತವಳು ಹಾಗೆ ನೆಟ್ಟ ನೋಟದಿಂದ ನೋಡಿದರೆ, ನಿನ್ನ ಸೀಟು ನನಗೆ ಬೇಕು, ಎಲ್ಲಿ ಇಳಿಯುತ್ತೀ, ಎಂದು ಕೇಳಿದ ಹಾಗೆಯೇ. ಮೊದಲು ಕೇಳಿದವಳಿಗೆ ಸೀಟು. ನಾನು ಚಿತ್ರದ ಹೆಸರಿನಲ್ಲಿ ಅರ್ಧ ಡಬ್ಬಿಯ ಸೀಟು ಕಾದಿರಿಸಿಬಿಟ್ಟಿದ್ದೆ. ಠಾಣಾದವಳು ಸೀಟು ಬಿಟ್ಟೆದ್ದಾಗ ಅಕ್ಕ ನನ್ನನ್ನೇ ಅದರಲ್ಲಿ ತಳ್ಳಿದಳು. ಠಾಣೆ ಬಂದೇ ಬಿಟ್ಟಿತ್ತು, ಕೂತ ಹಾಗೆ ಮಾಡಿ ಎದ್ದೆ.

ಮರುದಿನ ಅಕ್ಕ ಬೇಗ ಹೋದಳು. ನಾನೊಬ್ಬಳೇ ಬಿಸಿಲೇರಿದ ಮೇಲಿನ ಸ್ಲೋ ಗಾಡಿ ಹತ್ತಿದೆ, ಸೀಟೂ ಸಿಕ್ಕಿತು. ಹಸಿರು ಬಳೆಯ ಒಬ್ಬ ಹೆಂಗಸು ಎದುರು ಬಂದು ನಿಂತು, ನನ್ನ ಇಳಕಲ್ ಸೀರೆಯ ಸೆರಗು ನೋಡಿ, “ನಮ್ಮ ಕಡೆಯವರದೀರಿ? ಎಲ್ಲಿ ಇಳೀತೀರಿ ಅಕ್ಕಾರ?” ಎಂದಳು. ವಿಜಯಪುರದ ಮಾತು! ಕೇಳಿ ನನ್ನ ಜೀವ ತಂಪಾಯಿತು. ನಮ್ಮ ಕಡೆ ಪರವೂರಿಗೆ ಬಂದವರನ್ನು ಎಲ್ಲಿ ಇಳಿದೀರಿ ಎಂದು ಕೇಳಿದರೆ ಯಾರ ಮನೆಯಲ್ಲಿ ಉಳಿದಿದ್ದೀರಿ ಎಂದರ್ಥ. ಹಿಗ್ಗಿನಿಂದ, “ಡೊಂಬಿವಲಿಯೊಳಗ ಬೇ, ನಮ್ಮಕ್ಕನ ಮನ್ಯಾಗ” ಎಂದೆ.

“ಅಯ್ಯ ಶಿವನ, ಡೊಂಬಿವಲಿ ಹಿಂದ ಹೋತಲ್ರಿ!”

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಹಿಂದಿಯಲ್ಲಿ ಡಬ್ಬಿಗೆಲ್ಲ ಸಾರಿಬಿಟ್ಟಳು. ಪಾಪ, ಹೊಸಬಳು, ಸ್ಟೇಷನ್ ತಪ್ಪಿಸಿಕೊಂಡಿದ್ದಾಳೆ. ನಾಲ್ಕು ಕೈ ನನ್ನನ್ನು ಎಬ್ಬಿಸಿದವು, ಇನ್ನೊಂದು ಕೈ ನನ್ನ ಚೀಲ ಹಿಡಿಯಿತು. ಮುಂಬ್ರಾ ಬಂದಿತು, ಎಲ್ಲರೂ ಕೂಡಿ ನನ್ನನ್ನು ಬಹಳ ಪ್ರೀತಿಯಿಂದ ಕೆಳಗಿಳಿಸಿದರು. ಗಾಡಿ ಹೊರಟಾಗ ಹಸಿರು ಬಳೆಯವಳು ನನ್ನ ಸೀಟಿನಲ್ಲಿ ಕೂತು, ಆಚೆಯ ಪ್ಲಾಟ್‌ಫಾರ್ಮಿಗೆ ಹೋಗುವಂತೆ ಕೈಸನ್ನೆ ಮಾಡುತ್ತಿದ್ದಳು. ಸಿಟ್ಟು ಬಂತು, ನಗುವೂ ಬಂತು. ಮುಂದಿನ ಗಾಡಿಗೆ ಕಾಯುತ್ತ ಅವಳ ಆ ಕೈಸನ್ನೆಯನ್ನು ನೆನಪಿನಿಂದ ಒಂದೇ ಎಳೆತದಲ್ಲಿ ಬರೆದೆ. ಅದರಲ್ಲಿ ಉಸಿರಿತ್ತು. ನನ್ನ ಹಾಳೆಯಲ್ಲಿ ಮೊದಲು ಜೀವ ತಳೆದ ಹೆಂಗಸು ಅವಳೇ.

ಕಲ್ಯಾಣ

ಡೊಂಬಿವಲಿಯ ಜಾಣೆಯರು ಠಾಣೆಗೆ ಹೋಗಬೇಕಾದರೆ ಮೊದಲು ತಿರುವುಮುರುವಾಗಿ ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿಂದ ಹೊರಡುವ ಖಾಲಿ ಗಾಡಿಯಲ್ಲಿ ಸೀಟು ಹಿಡಿದು ವಾಪಸ್ಸು ಬರುತ್ತಾರೆ. ಮುಂದೆ ಹೋಗಲಿಕ್ಕೆ ಹಿಂದೆ ಹೋಗುವ ಈ ಲೆಕ್ಕ ನನಗೆ ಬಹಳ ಹಿಡಿಸಿತು. “ನೀನೂ ಹಂಗ ಯಾಕ ಮಾಡಬಾರದು?” ಎಂದು ಅಕ್ಕನನ್ನು ಕೇಳಿದೆ. “ಕುಂತು ಹೋಗಿ ಯಾವ ಸಿಂಹಾಸನ ಏರಬೇಕಾಗೇತಿ? ನಿಂತ್ರ ನಡೀತೈತಿ” ಎಂದಳು.

ನಾನು ಮಾತ್ರ ಕಲ್ಯಾಣದ ಮೇಲ್ಸೇತುವೆಯ ಮೇಲೆ ಒಂದಿಡೀ ಮುಂಜಾನೆ ನಿಂತು ಹಮಾಲರನ್ನು ಬರೆದೆ. ಮೂಟೆ ಹೊತ್ತವನ ಕುತ್ತಿಗೆ ಅಲ್ಲಾಡುವುದಿಲ್ಲ, ಖಾಲಿ ಕೈ ಮಾತ್ರ ದೋಣಿಯ ಹುಟ್ಟಿನಂತೆ ಬೀಸುತ್ತದೆ. ಹಾದಿಯಲ್ಲಿ ನಿಂತಿದ್ದಕ್ಕೆ ಬೈಸಿಕೊಂಡೆ, ಮೂರು ಭಾಷೆಗಳಲ್ಲಿ. ಒಂದು ಬೈಗುಳ ಕನ್ನಡದ್ದಾಗಿತ್ತು, ಕೇಳಿ ಖುಷಿಯಾಯಿತು.

ಖಾರಘರ

ಒಂದು ಭಾನುವಾರ ಉಪಾಧ್ಯರು ಬಸ್ಸಿನಲ್ಲಿ ನವಿ ಮುಂಬೈಗೆ ಕರೆದೊಯ್ದರು. ಖಾರಘರದಲ್ಲಿ ಆಗಿನ್ನೂ ಗುಡ್ಡದ ಬುಡಕ್ಕೆ ಗೋಡೆಗಳು ಮೇಲೇಳುತ್ತಿದ್ದವು. ಇರುವವರಿಗಿಂತ ಕಟ್ಟುವವರೇ ಹೆಚ್ಚು. ಕಟ್ಟುವವರೆಲ್ಲ ನಮ್ಮ ಕಲಬುರಗಿ, ರಾಯಚೂರಿನವರು. ಹೆಂಗಸರು ಕಾಂಕ್ರೀಟಿನ ಬುಟ್ಟಿ ಹೊತ್ತು ಬಿದಿರಿನ ಏಣಿಹಾದಿ ಏರುತ್ತಿದ್ದರು.

ನಾನು ಬರೆಯುವುದನ್ನು ಕಂಡು ಒಬ್ಬಳು ಕೆಳಗಿಳಿದು ಬಂದಳು. ಮಲ್ಲಮ್ಮ ಅಂತೆ. “ಏನ್ ಬರಕೊಳ್ಳಾಕತ್ತೀರಿ? ಯಾರು ಕುಂತಾರ, ಯಾರು ನಿಂತಾರ ಅಂತ ಸಾಹೇಬರಿಗಿ ಹೇಳಾಕೇನು?”

“ಇಲ್ಲವಾ, ಚಿತ್ರ ಬರ್ಯಾಕತ್ತೀನಿ.”

ಚಿತ್ರ ಎಂದದ್ದೇ ತಪ್ಪಾಯಿತು. ಕೆಲಸ ನಿಂತಿತು. ಎಲ್ಲರೂ ಸೆರಗು ಸರಿಮಾಡಿಕೊಂಡು, ಕೈ ಎರಡೂ ಇಳಿಬಿಟ್ಟು, ಗಂಟುಮೋರೆ ಹಾಕಿ ಸಾಲಾಗಿ ನಿಂತುಬಿಟ್ಟರು, ಥೇಟ್ ನಾನು ಪರೀಕ್ಷೆಯಲ್ಲಿ ಬರೆದಿದ್ದ ಮನುಷ್ಯರ ಹಾಗೆ. ಉಪಾಧ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಲ್ಲಮ್ಮನಿಗೆ ಅವಳ ಚಿತ್ರ ತೋರಿಸಿದೆ. ಹೊತ್ತ ಭಾರ ತಲೆಯಿಂದ ಬೆನ್ನಿಗೆ, ಬೆನ್ನಿಂದ ಬಲಗಾಲಿಗೆ ಹರಿದು ಬಂದಿತ್ತು, ನನಗೇ ಹೆಮ್ಮೆಯಾಗಿತ್ತು. ಅವಳು ಬಹಳ ಹೊತ್ತು ನೋಡಿ, “ಮಾರಿನ ಇಲ್ಲಲ್ರೀ ಇದಕ್ಕ” ಎಂದಳು. ಮೂಗಿಗೆ ನತ್ತು ಸಮೇತ ಮುಖ ಬರೆದುಕೊಟ್ಟ ಮೇಲೆಯೇ ಬಿಟ್ಟದ್ದು. ನನ್ನ ಹಳೆಯ ವಿದ್ಯೆ ಅಲ್ಲಿಗಾದರೂ ಉಪಯೋಗಕ್ಕೆ ಬಂತು.

ಮತ್ತೆ ಠಾಣೆ

ಊರಿಗೆ ಮರಳುವ ದಿನ ಹತ್ತಿರ ಬಂದಾಗ ಉಪಾಧ್ಯರು, “ಇಷ್ಟು ದಿನ ಬರೆದದ್ದೆಲ್ಲ ತನ್ನಿ, ಪರೀಕ್ಷೆಗೆ ಆಗ್ತದೋ ಇಲ್ಲವೋ ನೋಡುವ” ಎಂದರು. ಹೋಟೆಲಿನಲ್ಲಿ ಜನವಿಲ್ಲದ ಮಧ್ಯಾಹ್ನ. ಟೇಬಲ್ಲಿನ ಮೇಲೆ ಹಾಳೆ ಹರಡಿ ನಾನು ಉಗುರು ಕಚ್ಚುತ್ತ ಕೂತೆ. ಅವರ ಒಂದು ಮಾತಿನ ಮೇಲೆ ನನ್ನ ಜೂನ್ ನಿಂತಿತ್ತು.

ಹಮಾಲರನ್ನು ನೋಡಿದರು, ತಲೆಯಾಡಿಸಿದರು. ಖಾರಘರದವರನ್ನು ನೋಡಿದರು, ತಲೆಯಾಡಿಸಿದರು. ಆಮೇಲೆ ಕೆಲವು ಹಾಳೆಗಳನ್ನು ಬೇರೆ ತೆಗೆದು ಪಕ್ಕಪಕ್ಕ ಇಟ್ಟರು.

“ಈ ಹೆಂಗಸು ಯಾರು?”

“ನಮ್ಮಕ್ಕ ರೀ.”

“ಅವರ ಎಡಗಾಲಿಗೆ ಎಂತ ಆಗಿದೆ?”

“ಏನೂ ಆಗಿಲ್ರಿ.”

“ಹಾಗಾದರೆ ಇದೆಂತದು?” ಗ್ಯಾಸಿನ ಮುಂದೆ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ, ಚೌಕಟ್ಟಿಗೆ ಆತು, ಲೇಡೀಸ್ ಡಬ್ಬಿಯ ಕಂಬಿಗೆ ಆತು, ಎಲ್ಲದರಲ್ಲೂ ಅಕ್ಕನ ಭಾರವೆಲ್ಲ ಬಲಗಾಲಿಗೆ ಇಳಿದಿತ್ತು. ಎಡ ಹಿಮ್ಮಡಿ ನೆಲ ಮುಟ್ಟಿರಲಿಲ್ಲ. ಒಂದು ಕೈ ಯಾವಾಗಲೂ ಏನನ್ನಾದರೂ ಹಿಡಿದಿತ್ತು.

“ನಾನ ತಪ್ಪು ಬರದಿರಬೇಕ್ರಿ. ಆಕಿ ಒಂದ ಕಡೆ ನಿಲ್ಲೂದಿಲ್ಲ, ಗಡಿಬಿಡಿಯೊಳಗ ಬರದೀನಿ.”

“ಉಳಿದ ಯಾರ ಕಾಲೂ ತಪ್ಪಿಲ್ಲ ಟೀಚರ್. ಒಬ್ಬರದ್ದೇ ಹೇಗೆ ತಪ್ಪುತ್ತದೆ? ಅದೂ ಪ್ರತಿ ಸಲ, ಅದೇ ಕಾಲು?” ಅವರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು. “ನಿಮ್ಮ ಕೈ ಸರಿಯಾಗಿಯೇ ನೋಡಿದೆ. ನೀವಿನ್ನು ಪರೀಕ್ಷೆಗೆ ಹೆದರಬೇಡಿ. ಅಕ್ಕನನ್ನು ಡಾಕ್ಟರಿಗೆ ತೋರಿಸಿ.”

ಇಷ್ಟು ದಿನ ಯಾವ ಮಾತು ಕೇಳಲು ಬಂದಿದ್ದೆನೋ ಅದು ಸಿಕ್ಕಿತ್ತು, ಹಿಗ್ಗಲು ಆಗಲಿಲ್ಲ. ಚಿತ್ರ ತಪ್ಪಾಗಿರಲಿ, ನಾನು ನಪಾಸಾದರೂ ಅಡ್ಡಿಯಿಲ್ಲ, ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಬೇಕೆಂದೇ ಸಂಜೆವರೆಗೆ ಠಾಣೆಯಲ್ಲೇ ಉಳಿದು, ಅಕ್ಕ ಕಂಪನಿ ಬಿಟ್ಟು ಬರುವ ಹೊತ್ತಿಗೆ ಸ್ಟೇಷನ್ ಸೇತುವೆಯ ಮೆಟ್ಟಿಲ ಕೆಳಗೆ, ಪುಸ್ತಕದಂಗಡಿಯ ಮರೆಗೆ ನಿಂತೆ.

ಜನ ಧಬಧಬ ಇಳಿದು ಬರುತ್ತಿದ್ದರು. ಅವರ ನಡುವೆ ಅಕ್ಕ. ಮೆಟ್ಟಿಲ ಪಕ್ಕದ ಕಂಬಿಯ ಕಠಡಾ ಹಿಡಿದು, ಒಂದು ಕಾಲು ಇಳಿಸಿ, ಇನ್ನೊಂದನ್ನು ಅದೇ ಮೆಟ್ಟಿಲಿಗೆ ತಂದು ಕೂಡಿಸಿ, ಆಮೇಲೆ ಮುಂದಿನದು. ಹಿಂದಿನವರು ಗೊಣಗುತ್ತ ಅವಳನ್ನು ಬಳಸಿ ಹೋಗುತ್ತಿದ್ದರು. ಕೊನೆಯ ಮೆಟ್ಟಿಲಿನಲ್ಲಿ ನನ್ನನ್ನು ಕಂಡಳು. ಕಂಡದ್ದೇ ಬೆನ್ನು ನೆಟ್ಟಗಾಯಿತು, ಕಠಡಾ ಬಿಟ್ಟಳು, ಸೆರಗು ಸಿಗಿಸಿಕೊಂಡು ಸರಸರ ನಡೆದು ಬಂದಳು.

“ಇಲ್ಯಾಕ ನಿಂತಿ? ಗಾಡಿ ಬರೂ ಹೊತ್ತಾತು, ನಡಿ ನಡಿ.”

ಗಾಡಿಯಲ್ಲಿ ಅಷ್ಟು ಜನರ ನಡುವೆ ಬಾಯಿ ತೆರೆದರೆ ಅಳುತ್ತಿದ್ದೆ.

ಮತ್ತೆ ಡೊಂಬಿವಲಿ

ಪರೀಕ್ಷೆಯ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಜೂನಿನಲ್ಲಿ ಪಾಸಾದೆ, ಕೆಲಸ ಕಾಯಂ ಆಯಿತು. ಅಕ್ಕನ ಸೊಂಟದ ಕೀಲು ಸವೆದಿದೆ ಎಂದರು ಡಾಕ್ಟರು. ಔಷಧಿ, ಬೆಲ್ಟು, ವ್ಯಾಯಾಮ, ಈಗ ಎಷ್ಟೋ ವಾಸಿ. ಆದರೆ ಆ ಸಂಜೆಯದು ಹೇಳದೆ ಈ ಪ್ರವಾಸ ಮುಗಿಯುವುದಿಲ್ಲ.

ಮೂರು ಮಹಡಿ ಹತ್ತುವಾಗ ಅವಳು ಮುಂದೆ ಹೋಗು ಎಂದಳು. ನಾನು ಹೋಗಲಿಲ್ಲ, ಹಿಂದೆಯೇ ಉಳಿದೆ. ಒಳಗೆ ಬಂದು ಅವಳು ನೇರ ಗ್ಯಾಸಿನ ಕಡೆ ಹೊರಟಾಗ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿದೆ.

“ಯಕ್ಕ, ಎಡಗಾಲಿಗೆ ಏನಾಗೇತಿ?”

“ಏನಾಗೇತಿ? ಏನಿಲ್ಲ.” ಹಾಳೆಗಳ ಕಡೆ ನೋಡಿದಳು. ಒನಕೆ ಎಂದು ನಗಲಿಲ್ಲ. ಒಂದೊಂದನ್ನೇ ನೋಡುತ್ತ ಹೋದಳು. “ಇಷ್ಟೊಂದು ಯಾವಾಗ ಬರದಿ?”

“ನೀ ಅಡ್ಡಾಡೂವಾಗ.”

ಅಕ್ಕ ಗೋಡೆಗೆ ಕೈ ಕೊಟ್ಟಳು. “ಹೋದ ಮಳಿಗಾಲದಿಂದ ಹಂಗ ಐತಿ. ನಿಂತ್ರ ಹೆಂಗರ ನಡೀತೈತಿ. ಕುಂತ್ರ ಏಳೂವಾಗ ಜೀವ ಹೋಗ್ತೈತಿ. ಅದಕ್ಕ ಕೂಡೂದಿಲ್ಲ.”

“ಮಾವಗ ಗೊತ್ತೈತಿ?”

“ಇಲ್ಲ.”

“ನನಗರ ಹೇಳಬಾರದೇನ?”

“ನಿನಗ ಹೇಳಿದ್ರ ಪೆನ್ಸಿಲ್ ಒಗದು ಲಟ್ಟಣಗಿ ಹಿಡೀತಿದ್ದಿ. ನಿನ್ನ ಸಾಲಿ ಕೆಲಸ ಹೋಗ್ತಿತ್ತು. ನಾ ಕರಿಸಿದ್ದು ಅಡಿಗಿ ಮಾಡಾಕೇನು?”

ನಾನು ಅತ್ತೆ. ಸಣ್ಣ ಹುಡುಗಿಯ ಹಾಗೆ ಮೂಗು ಒರೆಸಿಕೊಳ್ಳುತ್ತ ಅತ್ತೆ. ಅಕ್ಕ, “ಹುಚ್ಚಿ, ಸಾಕು” ಎಂದಳು. ಕಿಟಕಿಯ ಬೆಳಕಿಗೆ ಬಂದು ನನ್ನ ಎದುರಿಗೆ ನಿಂತಳು. “ಪರೀಕ್ಷೆದಾಗ ಒಬ್ರು ಮುಂದ ನಿಲ್ತಾರಂತಲ್ಲ? ಈಗ ನಾ ನಿಲ್ತೀನಿ. ಕದ್ದು ಬರೀಬ್ಯಾಡ, ನೋಡಿ ಬರಿ.”

ಅವಳು ಬೆನ್ನು ನೆಟ್ಟಗೆ ಮಾಡಲಿಲ್ಲ. ಬಲಗಾಲಿನ ಮೇಲೆ ಪೂರಾ ಭಾರ ಬಿಟ್ಟಳು, ಎಡ ಹಿಮ್ಮಡಿ ಎತ್ತಿದಳು, ಅಂಗೈಯನ್ನು ಸೊಂಟಕ್ಕೆ ಒತ್ತಿ ಹಿಡಿದಳು, ಹುಬ್ಬು ಗಂಟಿಕ್ಕಿದ್ದನ್ನು ಮರೆಮಾಚಲಿಲ್ಲ. ನಾನು ಕುತ್ತಿಗೆಯಿಂದ ಸುರು ಮಾಡಿ ಗೆರೆ ಎಳೆದೆ.

“ಬರದಾತೇನು?”

“ಆತು ಯಕ್ಕ.”

“ಹಂಗಾರ ನಾ ಕೂಡ್ಲಾ?” ಎಂದು ನನ್ನನ್ನು ಕೇಳಿದಳು.

ಅವಳ ಎರಡೂ ತೋಳಿನ ಕೆಳಗೆ ಕೈ ಕೊಟ್ಟು, ನಿಧಾನಕ್ಕೆ ಅವಳನ್ನು ಮಂಚದ ಮೇಲೆ ಕೂಡಿಸಿದೆ.